ಬೋಗಾಣಿಯ ಮೇಲೆ ಬಂದ ಹೆಸರು

ಮೊದಲೇ ಹೇಳಿಬಿಡುತ್ತೇನೆ, ತಕ್ಕಡಿಗೆ ಹಾಕಲು ಬಾರದ ಯಾವುದನ್ನೂ ನಾನು ನಂಬಿದವಳಲ್ಲ. ಭಾಂಡೆ, ಅಂದರೆ ಪಾತ್ರೆ ವ್ಯಾಪಾರದವರು ನಂಬುತ್ತ ಕೂತರೆ ಅಂಗಡಿ ಉಳಿಯುವುದಿಲ್ಲ. ಹಿತ್ತಾಳೆ ಎಂದು ಬಂದದ್ದು ತಗಡಿಗೆ ಮುಲಾಮಿನ ಲೇಪ ಹೊಡೆದದ್ದಾಗಿರುತ್ತದೆ. ಗಟ್ಟಿ ತಾಮ್ರ ಎಂದು ಬಂದದ್ದರ ತಳದಲ್ಲಿ ಬೆಸುಗೆ ಅಡಗಿರುತ್ತದೆ. ಬಡಿದು ನೋಡಬೇಕು, ಎತ್ತಿ ನೋಡಬೇಕು, ಬೆಳಕಿಗೆ ಹಿಡಿದು ನೋಡಬೇಕು. ದೆವ್ವ ಕಂಡೆ ಎಂದು ಹೇಳುತ್ತ ಬಂದವರಿಗೆ “ಎಷ್ಟು ಕಿಲೋ ಇತ್ತರಿ?” ಎಂದು ಕೇಳಿ ಅಂಗಡಿಯಲ್ಲಿದ್ದವರನ್ನೆಲ್ಲ ನಗಿಸಿದವಳು ನಾನು. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ನಗುವ ಸರದಿ ಈಗ ಅವರದು.

ಇನ್ನೊಂದು ಮಾತು. ಇಂಥ ಸಂಗತಿಗಳೆಲ್ಲ ಅಮಾವಾಸ್ಯೆಯ ಕತ್ತಲಲ್ಲಿ, ಹುಣಸೆಮರದ ಕೆಳಗೆ ನಡೆಯುತ್ತವೆ ಎಂದು ಕೇಳಿದ್ದೆ. ನನ್ನದು ನಡೆದದ್ದು ಮುದ್ದೇಬಿಹಾಳದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಮಧ್ಯಾಹ್ನ ಮೂರೂವರೆಗೆ, ಎದುರಿನ ಗಾಡಿಯವನು ಮಿರ್ಚಿ ಭಜಿಗೆ ಎಣ್ಣೆ ಕಾಯಿಸುತ್ತಿದ್ದ ಹೊತ್ತಿನಲ್ಲಿ. ಏಳು ವರ್ಷವಾಯಿತು. ಅಂದಿನಿಂದ ಇಂದಿನವರೆಗೆ ಅದನ್ನು ತಿರುವಿ ಮುರುವಿ ಬಡಿದು ನೋಡಿದ್ದೇನೆ. ಎಲ್ಲಿಯೂ ಬೆಸುಗೆ ಸಿಕ್ಕಿಲ್ಲ.

ನನ್ನ ಕೆಲಸ ಎಂಥದೆಂದು ತಿಳಿದರೆ ಮುಂದಿನದು ತಿಳಿಯುತ್ತದೆ. ಇಪ್ಪತ್ತೆರಡನೆಯ ವಯಸ್ಸಿಗೆ ತಲೆಯ ಮೇಲೆ ಬುಟ್ಟಿ ಹೊತ್ತು, ಹಳೆಯ ಸೀರೆಗೆ ಸ್ಟೀಲಿನ ಡಬ್ಬಿ ಕೊಡುತ್ತ ಹಳ್ಳಿ ತಿರುಗಿದವಳು. ಮೂರು ಸೀರೆ ಕೇಳಿದರೆ ಒಂದನ್ನು ಹಿಡಿದು ಬಾಗಿಲಿಗೆ ಬರುವ ಹೆಂಗಸರನ್ನು ಎರಡಕ್ಕೆ ತಂದು ನಿಲ್ಲಿಸುವುದು ಹೇಗೆಂದು ಆ ಅಂಗಳಗಳಲ್ಲೇ ಕಲಿತೆ. ಅದರ ಗುಟ್ಟು ನಿಮಗೂ ಹೇಳುತ್ತೇನೆ, ಉಪಯೋಗಕ್ಕೆ ಬರುತ್ತದೆ. ನಿಮಗೆ ಬೇಕಾದ ವಸ್ತುವನ್ನು ನೋಡಬೇಡಿ, ಅದರ ಪಕ್ಕದ್ದನ್ನು ನೋಡಿ. ಕೊಳ್ಳುವ ಮಾಲನ್ನು ಎಂದೂ ಹೊಗಳಬೇಡಿ. ಮಾತು ನಿಂತಾಗ ಮೊದಲು ಬಾಯಿ ಬಿಟ್ಟವರೇ ಸೋತರು. ಬುಟ್ಟಿಯಿಂದ ಕೈಗಾಡಿ, ಕೈಗಾಡಿಯಿಂದ ಅಂಗಡಿ. ಇಷ್ಟಾಗಲು ಹದಿನೈದು ವರ್ಷ ಹಿಡಿಯಿತು.

ನಮ್ಮ ಕಡೆ ಹೆಸರಿಲ್ಲದ ಭಾಂಡೆಗೆ ಮರ್ಯಾದೆ ಇಲ್ಲ. ಮದುವೆಗೆ ಕೊಡಲಿ, ಕೂಸಿನ ತೊಟ್ಟಿಲಿಗೆ ಕೊಡಲಿ, ಕಂಠದ ಮೇಲೆ ಚುಕ್ಕೆಚುಕ್ಕೆಯಾಗಿ ಹೆಸರು ಬೀಳಲೇಬೇಕು. ಮೊದಮೊದಲು ಅಕ್ಷರ ಹಾಕಲು ಒಬ್ಬ ಮುದುಕ ವಾರಕ್ಕೊಮ್ಮೆ ಬರುತ್ತಿದ್ದ. ಅವನು ಬರುವವರೆಗೆ ಗಿರಾಕಿ ಕಾಯಬೇಕು. ಕಾದ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತದೆ. ಆದ್ದರಿಂದ ಅವನ ಪಕ್ಕದಲ್ಲಿ ಕೂತು ಚುಕ್ಕೆ ಹೊಡೆಯುವ ಸಣ್ಣ ಚಾಣ, ಸಣ್ಣ ಸುತ್ತಿಗೆ ಹಿಡಿಯುವುದನ್ನು ನಾನೇ ಕಲಿತೆ. ಕಲಿತ ಹುಮ್ಮಸ್ಸಿಗೆ ಅಂಗಡಿಯ ಮುಂದೆ ಒಂದು ಬೋರ್ಡು ಬರೆಸಿದೆ: ‘ಹೆಸರು ತಪ್ಪಿದರೆ ಭಾಂಡೆ ಪುಕ್ಕಟೆ’. ಆ ಬೋರ್ಡಿನಿಂದ ಬಂದ ಗಿರಾಕಿಗೆ ಲೆಕ್ಕವಿಲ್ಲ, ಹೆಸರು ತಪ್ಪಿ ಪುಕ್ಕಟೆ ಹೋದ ಭಾಂಡೆ ಒಂದೂ ಇಲ್ಲ. ಯಾಕೆಂದರೆ ನನ್ನದೊಂದು ಪದ್ಧತಿ ಇದೆ. ಚೀಟಿಯಲ್ಲಿ ಹೆಸರು ಬರೆಸಿಕೊಳ್ಳುತ್ತೇನೆ. ಅದನ್ನು ನೋಡಿ ಭಾಂಡೆಯ ಮೇಲೆ ಸ್ಕೆಚ್ ಪೆನ್ನಿನಿಂದ ಬರೆಯುತ್ತೇನೆ. ಗಿರಾಕಿ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಆಮೇಲೆಯೇ ಚಾಣ. ನೀವು ಎಲ್ಲೇ ಹೆಸರು ಹಾಕಿಸಿದರೂ ಹಾಗೇ ಮಾಡಿರಿ. ಚಾಣ ಬಿದ್ದ ಮೇಲೆ ಒರೆಸಲು ಬರುವುದಿಲ್ಲ.

ಆ ದಿನ ಹೂವಿನ ಹಿಪ್ಪರಗಿಯಿಂದ ಬಂದವರು ಇಬ್ಬರು. ಮಲ್ಲು ಎಂಬ ಮೂವತ್ತರ ಆಸುಪಾಸಿನ ರೈತ, ಮತ್ತೆ ಅವನ ತಂದೆಯ ತಾಯಿ ಕಾಶೀಬಾಯಿ. ಅಜ್ಜಿಗೆ ನಮ್ಮ ಕಡೆ ಆಯಿ ಎನ್ನುತ್ತೇವೆ. ಊರವರೆಲ್ಲ ಆಕೆಯನ್ನು ಕಾಶವ್ವಾಯಿ ಎನ್ನುತ್ತಿದ್ದರು. ಎಂಬತ್ತು ದಾಟಿದ ಜೀವ, ಹಣೆಯ ತುಂಬ ವಿಭೂತಿ, ಕೈಯಲ್ಲಿ ಕೋಲು ಇದ್ದರೂ ಅದನ್ನು ಊರಿದ್ದಕ್ಕಿಂತ ಬೀಸಿದ್ದೇ ಹೆಚ್ಚು. ಮಲ್ಲುವಿನ ಮೂರು ತಿಂಗಳ ಕೂಸನ್ನು ನಾಲ್ಕು ದಿನಕ್ಕೆ ತೊಟ್ಟಿಲಿಗೆ ಹಾಕುವವರಿದ್ದರು. ಕಾಶವ್ವಾಯಿ ಮರಿಮಗಳಿಗೆ ಸ್ನಾನದ ನೀರಿಗೆಂದು ತಾಮ್ರದ ಬೋಗಾಣಿ ಕೊಡಬೇಕೆಂದು ಹೊರಟು ಬಂದಿದ್ದಳು.

ಚೀಲದಿಂದ ಒಂದು ಹಳೆಯ ಹಿತ್ತಾಳೆಯ ಕೊಡ ತೆಗೆದು ಕಟ್ಟೆಯ ಮೇಲೆ ಇಟ್ಟಳು. “ಇದನ್ನ ತೂಕಕ್ಕ ಹಾಕಿ ಆ ಬೋಗಾಣಿ ಕೊಡು ತಂಗಿ.”

ಬೆರಳಿನಿಂದ ಬಡಿದೆ. ಅದರ ದನಿ ಓಣಿಯ ತುದಿಯವರೆಗೆ ಹೋಗಿ ಬಂತು. ಅಂಥ ಕೊಡ ಈಗ ಯಾರೂ ಬಡಿಯುವುದಿಲ್ಲ. ಆದರೆ ಕೊಳ್ಳುವ ಮಾಲನ್ನು ಹೊಗಳಬಾರದಲ್ಲ.

“ನೆಗ್ಗು ಭಾಳ ಬಿದ್ದಾವಲ್ರಿ ಆಯಿ.”

“ನೆಗ್ಗ ಬಿದ್ರ ತೂಕ ಕಡಿಮಿ ಆಗ್ತೈತೇನು? ನನಗೂ ನೆಗ್ಗ ಬಿದ್ದಾವು. ಎತ್ತಿ ನೋಡು, ಇದ್ದಷ್ಟ ಅದೇನಿ.”

ಮಲ್ಲು ನಕ್ಕ. ನಾನೂ ನಕ್ಕೆ. ಮುದುಕಿ ನನಗೆ ಸರಿಜೋಡಿ ಅನ್ನಿಸಿತು. ಕೊಡದ ಕಂಠವನ್ನು ತಿರುಗಿಸಿ ನೋಡಿದೆ. ಒಂದು ಚುಕ್ಕೆಯೂ ಇಲ್ಲ.

“ಯಾರ ಕೊಡ ಇದು? ಹೆಸರಾ ಇಲ್ಲಲ್ಲ.”

“ನಂದ. ಲಗ್ನದಾಗ ತವರಿಂದ ತಂದದ್ದು. ಯಾವ ಹೆಸರ ಹಾಕಸ್ಬೇಕಾಗಿತ್ತು? ತವರಾಗಿಂದು ಇಲ್ಲಿ ನಡೀತಿದ್ದಿಲ್ಲ, ಇಲ್ಲೀದು ಅವರಿಗೆ ಗೊತ್ತಿದ್ದಿಲ್ಲ. ಕೊಡ ಹಂಗ ಬೋಳ ಬಂತು.”

ನಮ್ಮ ಸೀಮೆಯ ಕೆಲವು ಮನೆತನಗಳಲ್ಲಿ ಆಗ ಮದುವೆಯ ದಿನ ಸೊಸೆಗೆ ಹೊಸ ಹೆಸರು ಇಡುತ್ತಿದ್ದರು. ತಾಟಿನಲ್ಲಿ ಅಕ್ಕಿ ಹರಡಿ, ಅದರ ಮೇಲೆ ವರ ಉಂಗುರದಿಂದ ಹೊಸ ಹೆಸರು ಗೀಚುವುದು. ಹಿರಿಯರು ಅದನ್ನು ಓದಿ ಹೇಳುವುದು. ಅಂದಿಗೆ ಹಳೆಯದು ಮುಗಿಯಿತು. ಕಾಶವ್ವಾಯಿಯ ಅತ್ತೆ ಇನ್ನೊಂದು ಹೆಜ್ಜೆ ಮುಂದೆ ಹೋದಾಕೆ. ಹಳೆಯ ಹೆಸರನ್ನು ಇನ್ನು ಬಾಯಿಂದ ತರುವುದಿಲ್ಲ, ತಂದರೆ ಗಂಡನ ಆಯುಷ್ಯಕ್ಕೆ ಕೇಡು ಎಂದು ದೇವರ ಮುಂದೆ ಮಾತು ತೆಗೆದುಕೊಂಡಿದ್ದಳು. ಹುಡುಗಿಗೆ ಆಗ ಹನ್ನೆರಡೋ ಹದಿಮೂರೋ. ಅಂದು ಮುಚ್ಚಿದ ಬಾಯಿ ಆ ಒಂದು ಹೆಸರಿಗೆ ಮತ್ತೆ ತೆರೆದಿರಲಿಲ್ಲ.

“ನಾ ಸಣ್ಣಾವ ಇದ್ದಾಗಿಂದ ಕೇಳಾಕತ್ತೇನ್ರಿ ಅಕ್ಕಾರ. ಏನ್ ಮಾಡಿದ್ರೂ ಬಾಯಿ ಬಿಡಂಗಿಲ್ಲ,” ಎಂದ ಮಲ್ಲು.

“ಮುತ್ಯಾ ಹೋಗಿ ಎಷ್ಟೋ ವರ್ಷ ಆತಲ್ರಿ ಆಯಿ. ಇನ್ನ ಯಾರ ಆಯುಷ್ಯದ ಚಿಂತಿ? ಹೇಳ್ರಿ,” ಎಂದೆ ನಾನು.

“ಮಾತ ಕೊಟ್ಟಿದ್ದು ಗಂಡಗಲ್ಲ, ಅತ್ತಿಗಿ. ಅತ್ತಿ ಸತ್ರೂ ಅತ್ತೀನ!”

ಬಿಡುವವಳಲ್ಲ ನಾನು. “ಹೇಳಿದ್ರ ಬೋಗಾಣಿ ಜೋಡಿ ಒಂದು ತಂಬಗಿ ಪುಕ್ಕಟ.” ಆಕೆ ಸುಮ್ಮನೆ ನಕ್ಕಳು. “ಎರಡು ತಂಬಗಿ.” ಸೆರಗನ್ನು ಬಾಯಿಗೆ ಇಟ್ಟುಕೊಂಡಳು. “ಹೋಗ್ಲಿ, ನಾ ಹೇಳ್ತೇನಿ, ನೀವು ತಲಿ ಅಲ್ಲಾಡಸ್ರಿ. ಗಂಗವ್ವ? ನೀಲವ್ವ? ಶಿವಲಿಂಗವ್ವ?” ತಲೆ ಕಲ್ಲಿನಂತೆ ನಿಂತಿತ್ತು. ಅಷ್ಟು ವರ್ಷದ ವ್ಯಾಪಾರದಲ್ಲಿ, ಕಟ್ಟೆಯ ಈಚೆ ಕೂತು ನಾನು ಸೋತ ಚೌಕಾಸಿ ಅದೊಂದೇ.

ಸೋತೆನೆಂದು ಕೈ ಎತ್ತಿದಾಗ ಆಕೆಯೇ ಮೆಲ್ಲಗೆ ಹೇಳಿದಳು. “ನನ್ನ ಅವ್ವ ಇಟ್ಟದ್ದು ನೋಡವಾ. ಅದನ್ನ ಕರದಾವರು ಅಣ್ಣ ತಮ್ಮಂದಿರು ಎಲ್ಲಾರೂ ಹೋದ್ರು. ಈಗ ಅದು ಇರೂದು ನನ್ನ ಹೊಟ್ಯಾಗ ಅಷ್ಟ. ನನ್ನ ಕೂಡನ ಮಣ್ಣಿಗಿ ಹೊಕ್ಕೈತಿ. ಹೋಗಬಾರದಿತ್ತು.” ಹೇಳುವಾಗಲೂ ಮುಖದ ಮೇಲೆ ನಗು ಇತ್ತು. ಆದರೆ ಕೈ ಕೊಡದ ಮೇಲೆ ಓಡಾಡುತ್ತಿತ್ತು. ತವರಿನಿಂದ ಬಂದ ಸಾಮಾನಿನಲ್ಲಿ ಉಳಿದದ್ದೂ ಅದೊಂದೇ ಕೊಡ ಎಂದು ಮಲ್ಲು ನನ್ನ ಕಿವಿಗೆ ಹೇಳಿದ. ಅದನ್ನೂ ಮರಿಮಗಳಿಗಾಗಿ ಕೊಡಲು ತಂದಿದ್ದಳು. ನಾನು ಕೊಡವನ್ನು ತೂಗಿ ನನ್ನ ಮೊಣಕಾಲ ಪಕ್ಕ ಇಟ್ಟುಕೊಂಡೆ.

ಮಲ್ಲು ಚೀಟಿಯಲ್ಲಿ ಕೂಸಿನ ಹೆಸರು ಬರೆದುಕೊಟ್ಟ: ಚಿ. ಸಾನ್ವಿ. “ಅರ್ಥ ನನಗ ಕೇಳಬ್ಯಾಡ್ರಿ,” ಎಂದ. “ಸಿಂದಗಿಯಿಂದ ನಮ್ಮ ಅತ್ತಿಯಾರು ಮೊಬೈಲಿನ್ಯಾಗ ಹುಡುಕಿ ಕಳಿಸ್ಯಾರು.” ನಾನು ಬೋಗಾಣಿಯ ಕಂಠದ ಮೇಲೆ ಪೆನ್ನಿನಿಂದ ಬರೆದೆ. ಮಲ್ಲು ಗಟ್ಟಿಯಾಗಿ ಓದಿದ: “ಚಿರಂಜೀವಿ ಸಾನ್ವಿ. ಬರೋಬ್ಬರಿ ಐತ್ರಿ.” ಓದು ಬಾರದ ಕಾಶವ್ವಾಯಿ ಬಗ್ಗಿ ಪೆನ್ನಿನ ಗೆರೆ ನೋಡಿದಳು. ಮಲ್ಲು ಬಸ್ಸಿನ ಹೊತ್ತು ಕೇಳಿಕೊಂಡು ಬರಲು ನಿಲ್ದಾಣಕ್ಕೆ ಹೋದ.

ನಾನು ಚಾಣ ಹಿಡಿದೆ. ಈಗ ಹೇಳುವುದನ್ನು ಗಮನವಿಟ್ಟು ಕೇಳಿ. ನನಗೆ ಮೈ ಜುಮ್ಮೆನ್ನಲಿಲ್ಲ. ಕಣ್ಣಿಗೆ ಮಂಪರು ಬರಲಿಲ್ಲ. ಗಾಳಿ ಬೀಸಲಿಲ್ಲ. ಒಬ್ಬ ಹೆಣ್ಣುಮಗಳು ಬಂದು ಕುಕ್ಕರಿಗೆ ಚೌಕಾಸಿ ಮಾಡುತ್ತಿದ್ದಳು, ಆಕೆಗೆ ಉತ್ತರ ಕೊಡುತ್ತಲೇ ಏಟು ಹಾಕುತ್ತಿದ್ದೆ. ಪ್ರತಿ ಏಟಿಗೂ ಪಕ್ಕದ ಕೊಡ ಗುಂಯ್ ಎಂದು ದನಿಗೂಡಿಸುತ್ತಿತ್ತು. ಅದರಲ್ಲಿಯೂ ಏನಿಲ್ಲ, ಒಳ್ಳೆಯ ಹಿತ್ತಾಳೆಯ ಗುಣವೇ ಅದು. ಬೇಕಾದರೆ ಮನೆಯಲ್ಲಿ ಪರೀಕ್ಷಿಸಿ. ಒಂದೇ ಒಂದು ಸಂಗತಿ ನೆನಪಿದೆ: ಶುರು ಮಾಡುವಾಗ ಬಂದ ಚಹಾ ಮುಗಿಸುವಷ್ಟರಲ್ಲಿ ಆರಿ ತಣ್ಣಗಾಗಿತ್ತು. ಅಷ್ಟು ಸಣ್ಣ ಹೆಸರಿಗೆ ಅಷ್ಟು ಹೊತ್ತು ಹಿಡಿಯಬಾರದಿತ್ತು. ಕುಕ್ಕರಿನವಳ ಮಾತಿಗೆ ತಡವಾಯಿತು ಎಂದುಕೊಂಡೆ.

ಎಣ್ಣೆ ಬಟ್ಟೆಯಿಂದ ಒರೆಸಿದೆ. ಆಗ ನೋಡಲಿಲ್ಲವೇ ಎಂದು ನೀವು ಕೇಳುತ್ತೀರಿ. ನೋಡಿದೆ. ದಿನಾ ಮಾಡುವ ಸಹಿಯನ್ನು ನಾವು ನೋಡುತ್ತೇವಲ್ಲ, ಹಾಗೆ ನೋಡಿದೆ. ಅಷ್ಟರಲ್ಲಿ ಮಲ್ಲು ಓಡುತ್ತ ಬಂದ, ಬಸ್ಸು ಹೊರಟಿದೆ ಎಂದ. ಬೋಗಾಣಿಯನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಟ್ಟೆ. ಕಾಶವ್ವಾಯಿ ಹೋಗುತ್ತ ಹೋಗುತ್ತ ಕೋಲು ಬೀಸಿ “ತೊಟ್ಟಿಲಿಗಿ ಬಾ ತಂಗಿ, ಬರದಿದ್ರ ನೋಡು!” ಎಂದಳು.

ಹೋದೆ. ಬರೀ ಪ್ರೀತಿಯಿಂದ ಹೋದೆ ಎಂದು ಸುಳ್ಳು ಹೇಳುವುದಿಲ್ಲ. ತೊಟ್ಟಿಲ ಕಾರ್ಯವೆಂದರೆ ನಲವತ್ತು ಹೆಂಗಸರು ಒಂದೇ ಮನೆಯಲ್ಲಿ. ಅವರಲ್ಲಿ ಹತ್ತು ಜನರ ಮನೆಯಲ್ಲಾದರೂ ಮುಂದಿನ ವರ್ಷ ಮದುವೆ ಇರುತ್ತದೆ. ವ್ಯಾಪಾರ ಮಾಡುವವರು ಊಟಕ್ಕೆ ಕರೆದ ಕಡೆ ತಪ್ಪಿಸಬಾರದು.

ಹಿಪ್ಪರಗಿಯ ಆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಡುವೆ ಸಿಂಗರಿಸಿದ ತೊಟ್ಟಿಲು. ಬುಟ್ಟಿ ತುಂಬ ಬೇಯಿಸಿದ ಕಡಲೆಯ ಗುಗ್ಗರಿ. ಮೂಲೆಯಲ್ಲಿ ಕಾಶವ್ವಾಯಿ ಗುಂಡಪ್ಪನಿಗೆ, ಅಂದರೆ ಕೂಸಿಗಿಂತ ಮೊದಲು ತೊಟ್ಟಿಲಿಗೆ ಹಾಕುವ ಗುಂಡುಕಲ್ಲಿಗೆ, ತೊಡೆಯ ಮೇಲೆ ಇಟ್ಟುಕೊಂಡು ಎಣ್ಣೆ ಹಚ್ಚುತ್ತಿದ್ದಳು. ಹೆಸರನ್ನು ಕೂಸಿನ ಕಿವಿಯಲ್ಲಿ ಹೇಳುವ ಹಕ್ಕು ಸೋದರತ್ತೆಯದು. ಮಲ್ಲುವಿನ ತಂಗಿ ರೇಣುಕಾ ಹೊಸ ಇಳಕಲ್ಲ ಸೀರೆ ಉಟ್ಟು ತಯಾರಾಗಿದ್ದಳು. ಹೆಸರು ಹೇಳಿದ ಕೂಡಲೇ ಉಳಿದ ಹೆಂಗಸರು ಆಕೆಯ ಬೆನ್ನಿಗೆ ಗುದ್ದುವುದು ಪದ್ಧತಿ. ಗುದ್ದಲೆಂದೇ ಓಣಿಯ ಅರ್ಧ ಹೆಂಗಸರು ಬಂದಿದ್ದರು.

ಮೊದಲು ಬಂದ ಸಾಮಾನು ತೋರಿಸುವ ಕಾರ್ಯ. ಸಿಂದಗಿಯ ಬೀಗತಿ, ಅಂದರೆ ಕೂಸಿನ ತಾಯಿಯ ತಾಯಿ, ಒಂದೊಂದೇ ತೆಗೆದು ಎತ್ತಿ ತೋರಿಸುತ್ತಿದ್ದಳು. ಬೋಗಾಣಿಯ ಪೇಪರು ಬಿಚ್ಚಿ ಎತ್ತಿದಳು. ಕಂಠದ ಮೇಲೆ ಕಣ್ಣು ಹಾಯಿಸಿದಳು. ಹುಬ್ಬು ಮೇಲೇರಿತು.

“ಇದೇನ್ರಿ ಇದು? ಚಿರಂಜೀವಿ ಬನ್ನೆವ್ವ ಅಂತ ಐತಿ!”

ಎದ್ದು ಹೋಗಿ ಕಸಿದುಕೊಂಡು ನೋಡಿದೆ. ಹೌದು. ಬನ್ನೆವ್ವ. ಚುಕ್ಕೆ ನನ್ನವೇ, ಕೊನೆಯ ಅಕ್ಷರ ಮುಗಿಸುವಾಗ ಒಂದು ಚುಕ್ಕೆ ಹೆಚ್ಚು ಹಾಕುವ ನನ್ನ ಚಾಳಿಯೂ ಅಲ್ಲಿತ್ತು. ಪೆನ್ನಿನಲ್ಲಿ ಬರೆದದ್ದು ಒಂದು, ಚಾಣದಲ್ಲಿ ಬಿದ್ದದ್ದು ಇನ್ನೊಂದು. ನಲವತ್ತು ಹೆಂಗಸರು ನನ್ನ ಮುಖ ನೋಡುತ್ತಿದ್ದರು. ನಾಳೆ ಈ ಸುದ್ದಿ ಬಾಗೇವಾಡಿಯಿಂದ ತಾಳಿಕೋಟೆಯವರೆಗೆ ಹರಡುವುದು ಖಾತ್ರಿ.

ಬೀಗತಿ ಬಿಡಲಿಲ್ಲ. “ಹೆಸರ ತಪ್ಪಿದ್ರ ಭಾಂಡೆ ಪುಕ್ಕಟ ಅಂತ ಬೋರ್ಡ ಬ್ಯಾರೆ ಹಾಕ್ಯಾರಂತ! ಈ ಕಾಲದಾಗ ಯಾರಿಕಿ ಬನ್ನೆವ್ವ?” ಎಂದವಳೇ ತಮಾಷೆಗೆ, ಸಂತೆಯಲ್ಲಿ ಕಳೆದುಹೋದವರನ್ನು ಕೂಗುವ ಹಾಗೆ, ಕೈ ಬಾಯಿಗೆ ಹಿಡಿದು ಕೂಗಿದಳು: “ಬನ್ನೆವ್ವಾ! ಏ ಬನ್ನೆವ್ವಾ! ಎಲ್ಲಿ ಅದೀಯಬೇ?”

“ಓ!”

ಮೂಲೆಯಿಂದ ಬಂತು. ಮುದುಕಿಯ ದನಿ ಅಲ್ಲ ಅದು. ಅಂಗಳದಲ್ಲಿ ಆಡುತ್ತಿದ್ದ ಹುಡುಗಿಯನ್ನು ತಾಯಿ ಕರೆದಾಗ, ಆಟ ಬಿಡದೆಯೇ ಬಾಯಿ ತಾನಾಗಿ ಅನ್ನುವ ‘ಓ’. ಎಲ್ಲರೂ ತಿರುಗಿದರು. ಕಾಶವ್ವಾಯಿ ಗುಂಡುಕಲ್ಲು ಹಿಡಿದು ಹಾಗೆಯೇ ಕೂತಿದ್ದಳು. ಅಂದದ್ದು ತಾನೇ ಎಂದು ಆಕೆಗೂ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎಣ್ಣೆಯ ಕೈಯನ್ನೇ ಬಾಯಿಗೆ ಒತ್ತಿಕೊಂಡಳು. ಕಣ್ಣು ಹರಿಯತೊಡಗಿತು.

“ಆಯಿ?” ಎಂದ ಬಾಗಿಲಲ್ಲಿದ್ದ ಮಲ್ಲು.

ಆ ಮನೆಯಲ್ಲಿ ಮೊದಲು ತಿಳಿದದ್ದು ನನಗೆ. ತಂಬಿಗೆಯ ಆಸೆ ತೋರಿಸಿ ಕೇಳಿ ಸೋತವಳು ನಾನೇ ಅಲ್ಲವೇ. ಬೋಗಾಣಿ ಹಿಡಿದು ಆಕೆಯ ಮುಂದೆ ಹೋಗಿ ಕೂತೆ. ಹೆಸರು ಬಾಯಿಂದ ತರಿಸಬಾರದು. ಆದ್ದರಿಂದ ಇಷ್ಟೇ ಕೇಳಿದೆ: “ಆಯಿ, ತಪ್ಪೈತೇನ್ರಿ?”

ಆಕೆ ಚುಕ್ಕೆಗಳ ಮೇಲೆ ಬೆರಳು ಎಳೆದಳು. ಓದಲು ಬಾರದವಳು ಅಷ್ಟೂ ಅಕ್ಷರಗಳನ್ನು ಒಂದೊಂದಾಗಿ ಮುಟ್ಟಿದಳು. “ಇಲ್ಲ ತಂಗಿ,” ಎಂದಳು. “ತಪ್ಪಿಲ್ಲ.”

ಆಮೇಲೆ ಎದ್ದ ಗದ್ದಲವನ್ನು ಏನೆಂದು ಹೇಳಲಿ. ಒಬ್ಬರು ಅಳುತ್ತಾರೆ, ಒಬ್ಬರು ನಗುತ್ತಾರೆ, ಒಬ್ಬರು ನನ್ನ ಕಾಲಿಗೆ ಬೀಳಲು ಬಂದರು. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ರೇಣುಕಾ ಎದ್ದು ನಿಂತು ತನ್ನ ಹಕ್ಕು ಚಲಾಯಿಸಿದಳು: “ಕಿವ್ಯಾಗ ಹೇಳಾಕಿ ನಾ. ನಾ ಇದನ್ನ ಹೇಳಾಕಿ.”

“ಯವ್ವಾ, ಜೀವಂತ ಇದ್ದವರ ಹೆಸರ ಇಡಬಾರದಂತ,” ಎಂದು ಬೀಗತಿ ಮೆಲ್ಲಗೆ ಕೊನೆಯ ಪಟ್ಟು ಹಾಕಿದಳು.

ಕಾಶವ್ವಾಯಿ ಕಣ್ಣೊರೆಸಿಕೊಂಡು ಸಾವಕಾಶವಾಗಿ ಉತ್ತರ ಕೊಟ್ಟಳು. “ಇಲ್ಲಿ ಇರಾಕಿ ಕಾಶವ್ವ. ಆ ಹೆಸರಿನಾಕಿ ನನ್ನ ಲಗ್ನದಾಗ ಅಕ್ಕಿ ತಾಟಿನ್ಯಾಗ ಹ್ವಾದಾಕಿ. ಇವತ್ತ ಹುಟ್ಟಿ ಬಂದಾಳ ನೋಡ್ರಿ.”

ಬೀಗತಿಗೂ ನಗು ಬಂತು. ಕಾಗದಪತ್ರಕ್ಕೆ ಸಾನ್ವಿ, ತೊಟ್ಟಿಲಿಗೆ ಬನ್ನೆವ್ವ ಎಂದು ರಾಜಿಯಾಯಿತು. ಆ ರಾಜಿ ಮಾಡಿಸಿದವಳು ನಾನೇ ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಎರಡು ಕಡೆಯವರೂ ಗೆದ್ದೆವು ಎಂದು ಮನೆಗೆ ಹೋಗುವುದೇ ಒಳ್ಳೆಯ ವ್ಯಾಪಾರ. ಗುಂಡಪ್ಪನನ್ನು ತೊಟ್ಟಿಲಿಗೆ ಹಾಕಿ ತೆಗೆದರು, ಕೂಸನ್ನು ಹಾಕಿದರು. ರೇಣುಕಾ ಬಗ್ಗಿ ಕೂಸಿನ ಕಿವಿಯಲ್ಲಿ “ಕುರ್ರ್...” ಎಂದು ಎಳೆದು, “ಬನ್ನೆವ್ವ” ಎಂದಳು. ಬೆನ್ನ ಮೇಲೆ ಗುದ್ದಿನ ಮಳೆಯಾಯಿತು. ಕಾಶವ್ವಾಯಿ ಕೋಲು ಬಿಟ್ಟು ಎದ್ದು ಬಂದು ಎರಡು ಗುದ್ದಿದಳು. ಅವೇ ಎಲ್ಲಕ್ಕಿಂತ ಜೋರಾಗಿದ್ದವು ಎಂದು ರೇಣುಕಾ ಇಂದಿಗೂ ಹೇಳುತ್ತಾಳೆ.

“ಆಯಿ, ನೀ ಒಮ್ಮಿ ಕರಿ ನೋಡೂಣು,” ಎಂದ ಮಲ್ಲು. ಅತ್ತೆಗೆ ಕೊಟ್ಟ ಮಾತು ಎಲ್ಲರಿಗೂ ನೆನಪಿತ್ತು.

ಆಕೆ ತೊಟ್ಟಿಲ ಹಗ್ಗ ಹಿಡಿದಳು. “ಮಾತು ಇದ್ದದ್ದು ನನ್ನ ಹೆಸರಿಂದು. ಇದು ಈಗ ಕೂಸಿಂದು,” ಎಂದಳು. ತೊಟ್ಟಿಲ ಮೇಲೆ ಬಗ್ಗಿ ಕರೆದಳು: “ಬನ್ನೆವ್ವಾ.” ಮತ್ತೆ ಕರೆದಳು. ಮತ್ತೆ ಮತ್ತೆ ಕರೆದಳು. ಊಟಕ್ಕೆ ಕೂತಾಗಲೂ ನಡುನಡುವೆ ಕರೆಯುತ್ತಲೇ ಇದ್ದಳು. ಅಷ್ಟು ವರ್ಷ ಚೌಕಾಸಿಯಿಂದ ಬದುಕಿದವಳು ಹೇಳುತ್ತೇನೆ, ಅಂಥ ವ್ಯವಹಾರ ನಾನು ಎಲ್ಲಿಯೂ ಕಂಡಿಲ್ಲ. ಕೊಟ್ಟ ಮಾತೂ ಮುರಿಯಲಿಲ್ಲ, ಹೆಸರೂ ಉಳಿಯಿತು.

ಆ ಹೆಸರು ಬಂದದ್ದು ಹೇಗೆಂದು ಆ ದಿನವೇ ಹೇಳಿದಳು. ಅದನ್ನೂ ಜಾಣತನದಿಂದ, ಬೇರೆ ಯಾರದೋ ಕಥೆಯಂತೆ ಹೇಳಿದಳು. “ಬನ್ನೆವ್ವ ಅಂತ ಒಬ್ಬಾಕಿ ಹುಡಿಗಿ ಇದ್ಳು, ಇಂಡಿ ಕಡೆ ಹಲಸಂಗಿ ಹತ್ರ” ಎಂದು ಶುರು ಮಾಡಿದಳು. ಆ ಹುಡುಗಿಯ ತಾಯಿ ತುಂಬು ಬಸುರಿ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಮನೆಯವರೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೊರಟರು. ಅಂದು ಬೆಳೆಯ ನಡುವೆ ಅಡುಗೆಯನ್ನು ಎರಚಿ ಭೂತಾಯಿಗೆ ಉಣಿಸಿ ಅಲ್ಲೇ ಊಟ ಮಾಡುವುದು ನಮ್ಮ ಸೀಮೆಯ ದೊಡ್ಡ ಹಬ್ಬ. ಬರಬೇಡ ಎಂದರೂ ತಾಯಿ ಕೇಳಲಿಲ್ಲ, ಬಂಡಿ ಹತ್ತಿದಳು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಬಳಿದು, ಪಾಂಡವರೆಂದು ಕೈಮುಗಿಯುವ ಹೊತ್ತಿಗೆ ಹೊಟ್ಟೆ ನೋವು ಬಂತು. ಎದೆಯೆತ್ತರ ಬಿಳಿಜೋಳವೇ ಮರೆಯಾಯಿತು, ಬನ್ನಿಯೇ ಸೂರಾಯಿತು. ಹುಟ್ಟಿದ ಕೂಸಿನ ಮುಷ್ಟಿಯಲ್ಲಿ ತಂದೆ ನಾಲ್ಕು ಬನ್ನಿ ಎಲೆ ಇಟ್ಟ. ದಸರೆಯಲ್ಲಿ ಆ ಎಲೆ ಕೈಗೆ ಕೊಟ್ಟು ‘ಬಂಗಾರದಂಗ ಇರೂಣು’ ಎನ್ನುತ್ತೇವಲ್ಲ, ಹಾಗೆ. ಕೂಸು ಮುಷ್ಟಿ ಬಿಚ್ಚಲಿಲ್ಲವಂತೆ. “ಬನ್ನಿ ಕೊಟ್ಟ ಬಂಗಾರ, ಬನ್ನೆವ್ವ” ಎಂದಳಂತೆ ತಾಯಿ. “ಆಮ್ಯಾಲ ಆ ಹುಡಿಗಿ ಏನಾದ್ಳು ಆಯಿ?” ಎಂದು ಯಾರೋ ಕೀಟಲೆಗೆ ಕೇಳಿದರು. “ಲಗ್ನ ಆದ್ಳು,” ಎಂದಳು ಕಾಶವ್ವಾಯಿ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ನಾನು ಸಂಜೆ ಅಂಗಡಿಗೆ ಬಂದವಳೇ ಶೋಧನೆಗೆ ಇಳಿದೆ. ಗಲ್ಲಾಪೆಟ್ಟಿಗೆಯಲ್ಲಿ ಚೀಟಿ ಇತ್ತು: ಚಿ. ಸಾನ್ವಿ. ಕೊಡ ಇನ್ನೂ ನನ್ನ ಬಳಿಯೇ ಇತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿ, ಒಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದೆ. ಎಲ್ಲಿಯೂ ಒಂದು ಅಕ್ಷರವಿಲ್ಲ. ರೇಷನ್ ಕಾರ್ಡು, ಆಧಾರ್ ಎಲ್ಲದರಲ್ಲಿಯೂ ಕಾಶೀಬಾಯಿ ಎಂದೇ ಇದೆ ಎಂದು ಮಲ್ಲು ಹೇಳಿದ. ಮುಂದೆ ಇಂಡಿ ಕಡೆ ಒಂದು ಮದುವೆಯ ಭಾಂಡೆ ಮುಟ್ಟಿಸಲು ಹೋದಾಗ, ಹಲಸಂಗಿಯ ಹತ್ತಿರ ಆಕೆಯ ಅಣ್ಣನ ಮಗನನ್ನೇ ಹುಡುಕಿ ಕೇಳಿದೆ. ಅರವತ್ತು ದಾಟಿದವನು. “ನಮ್ಮ ಸೋದರತ್ತಿಗಿ ಮತ್ತೊಂದ ಹೆಸರಿತ್ತೇನ್ರಿ?” ಎಂದು ನನ್ನನ್ನೇ ಕೇಳಿದ.

ಪರಿಚಯದ ಮಾಸ್ತರರೊಬ್ಬರು ಹೇಳಿದರು: “ಎಲ್ಲೋ ಕೇಳಿರ್ತೀರಿ, ಮನಸಿನ ಮೂಲಿಯೊಳಗ ಕುಂತಿರ್ತೈತಿ.” ಇರಬಹುದು. ಬನ್ನೆಪ್ಪ ಎಂಬ ಗಿರಾಕಿಗಳು ನನಗೆ ನಾಲ್ಕಾರು ಜನ ಇದ್ದಾರೆ. ಆ ಹೆಸರು ನಾನು ಕೇಳಿಯೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ನನ್ನ ತಲೆಯಲ್ಲಿ ಸಾವಿರ ಹೆಸರಿವೆ. ಅದೇ ದಿನ, ಅದೇ ಬೋಗಾಣಿಯ ಮೇಲೆ, ಅದೊಂದೇ ಯಾಕೆ ಇಳಿಯಬೇಕು? ಕೈ ನನ್ನದು, ಚಾಣ ನನ್ನದು; ಹೆಸರು ಮಾತ್ರ ನನ್ನಿಂದ ಬಂದದ್ದಲ್ಲ. ಇಷ್ಟಕ್ಕಿಂತ ಹೆಚ್ಚಿಗೆ ಹೇಳಿದರೆ ತೂಕಕ್ಕೆ ನೀರು ಬೆರೆಸಿದ ಹಾಗೆ ಆಗುತ್ತದೆ.

ಆ ಕೊಡವನ್ನು ಮರುವಾರ ಹಿಪ್ಪರಗಿಗೆ ಒಯ್ದು ಮರಳಿ ಕೊಟ್ಟೆ. ಚೌಕಾಸಿ ಇಲ್ಲದೆ ಒಂದು ಭಾಂಡೆ ನನ್ನ ಕೈಬಿಟ್ಟದ್ದು ಅದೇ ಮೊದಲು. ಕಂಠದ ಮೇಲೆ ಹೆಸರು ಹಾಕಲೇ ಎಂದು ಕೇಳಿದೆ. “ಬ್ಯಾಡ ತಂಗಿ, ಇದು ಬೋಳ ಇರ್ಲಿ. ಇದಕ್ಕ ಎಲ್ಲಾ ಗೊತ್ತೈತಿ,” ಎಂದಳು.

ಅಂದಿನಿಂದ ಒಂದು ಹೊಸ ಪದ್ಧತಿ ಇಟ್ಟುಕೊಂಡಿದ್ದೇನೆ. ವಯಸ್ಸಾದ ಹೆಂಗಸರು ಅಂಗಡಿಗೆ ಬಂದರೆ “ತವರಾಗ ಏನಂತ ಕರೀತಿದ್ರು?” ಎಂದು ಕೇಳುತ್ತೇನೆ. ಹೇಳಿದರೆ ಆ ಹೆಸರನ್ನು ಭಾಂಡೆಯ ತಳದಲ್ಲಿ ಪುಕ್ಕಟೆ ಹಾಕಿಕೊಡುತ್ತೇನೆ. ನಿಮಗೂ ಅದೇ ಸಲಹೆ. ಮನೆಯಲ್ಲಿ ಅಜ್ಜಿ ಇದ್ದರೆ ಇಂದೇ ಕೇಳಿ, ಹೆಸರು ಯಾಕೆ ಇಟ್ಟರೆಂದೂ ಕೇಳಿ. ಎಲ್ಲರಿಗೂ ನನ್ನಂಥ ಅಂಗಡಿ ಸಿಗುವುದಿಲ್ಲ, ಸಿಕ್ಕರೂ ಚಾಣ ಇನ್ನೊಮ್ಮೆ ಹಾಗೆ ನಡೆಯುತ್ತದೆಂದು ನಾನು ಖಾತ್ರಿ ಕೊಡಲಾರೆ. ಅಂದಿನಿಂದ ಒಂದು ಹೆಸರೂ ತಪ್ಪಿಲ್ಲ. ಆದರೂ ಒರೆಸಿದ ಬಟ್ಟೆ ಎತ್ತುವಾಗ ಒಂದು ಗಳಿಗೆ ಕೈ ತಡೆಯುತ್ತದೆ.

ಹೋದ ವರ್ಷ ಎಳ್ಳಮಾಸಿಗೆ ಮಲ್ಲುವಿನ ಮನೆಯವರು ಹೊಲಕ್ಕೆ ಕರೆದರು. ತೊಂಬತ್ತರ ಹತ್ತಿರದ ಕಾಶವ್ವಾಯಿಯನ್ನು ಟ್ರ್ಯಾಕ್ಟರಿನಲ್ಲಿ ಗಾದಿ ಹಾಸಿ ತಂದು ಬನ್ನಿಗಿಡದ ನೆರಳಲ್ಲಿ ಕೂರಿಸಿದ್ದರು. ಪಕ್ಕದಲ್ಲಿ ಅದೇ ಕೊಡ, ತುಂಬ ಮಜ್ಜಿಗೆ. ಮರಿಮಗಳು ಜೋಳದಲ್ಲಿ ಎಲ್ಲೋ ಆಡುತ್ತಿದ್ದಳು. ಬಾಳೆ ಎಲೆ ಹಾಕಿ, ಸಜ್ಜೆ ರೊಟ್ಟಿ ಇಟ್ಟು, ಬದನೆಕಾಯಿ ಎಣ್ಣೆಗಾಯಿ ಬಡಿಸುವ ಕೆಲಸ ನನ್ನದಾಗಿತ್ತು. ಹುಡುಗಿ ಕಾಣದೆ ನಾನು ಕೈ ಬಾಯಿಗೆ ಹಿಡಿದು ಕೂಗಿದೆ:

“ಬನ್ನೆವ್ವಾ! ಊಟಕ್ಕ ಬಾರಬೇ!”

“ಓ!” ಎಂದಿತು ಜೋಳದ ನಡುವಿನಿಂದ ಒಂದು ದನಿ. “ಓ!” ಎಂದಿತು ಗಿಡದ ಬುಡದಿಂದ ಇನ್ನೊಂದು. ಎರಡೂ ಒಂದೇ ಗಳಿಗೆಗೆ. ಯಾರನ್ನು ಕರೆದೆ ಎಂದು ಇಬ್ಬರೂ ಕೇಳಲಿಲ್ಲ. ಎರಡು ಎಲೆ ಹಾಕಿದೆ.